ವಯಸ್ಸಿನ ಟೀಮ್ ಬಿಟ್ಟು ಕ್ಲಾಸಿನ ಟೀಮಿಗೆ: ಮಕ್ಕಳ ಫುಟ್‌ಬಾಲ್ ಲೀಗ್ ಒಂದರ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಇದು ಮಕ್ಕಳ ವೀಕೆಂಡ್ ಫುಟ್‌ಬಾಲ್ ಲೀಗ್. ಇಲ್ಲಿ ಟೀಮ್ ಮಾಡುವಾಗ ಮಗು ಹುಟ್ಟಿದ ವರ್ಷ ನೋಡುವುದಿಲ್ಲ, ಯಾವ ಕ್ಲಾಸಲ್ಲಿ ಓದುತ್ತಿದೆ ಅಂತ ನೋಡುತ್ತಾರೆ. ಇದಕ್ಕೂ ಮೊದಲು ನಮ್ಮ ಮಗ ಹುಟ್ಟಿದ ವರ್ಷದ ಲೆಕ್ಕದಲ್ಲಿ ಟೀಮ್ ಮಾಡುವ ಇನ್ನೊಂದು ಕ್ಲಬ್ಬಿನಲ್ಲಿದ್ದ. ಮಗಳು ಈಗಲೂ ಅಂಥ ಕ್ಲಬ್ಬಿನಲ್ಲೇ ಆಡುತ್ತಾಳೆ. ಹಾಗಾಗಿ ಎರಡೂ ಪದ್ಧತಿಯನ್ನು ಮೈದಾನದ ಪಕ್ಕ ನಿಂತು ಹತ್ತಿರದಿಂದ ನೋಡಿದ್ದೇವೆ. ಕೋಚಿಂಗ್, ಮೈದಾನ, ಜೆರ್ಸಿ ಬಗ್ಗೆ ಕೊನೆಯಲ್ಲಿ ಎರಡು ಮಾತು ಹೇಳುತ್ತೇನೆ. ಉಳಿದಿದ್ದೆಲ್ಲ ಟೀಮ್ ವಿಂಗಡಣೆ ಬಗ್ಗೆಯೇ. ಮಗು ಆಟದಲ್ಲಿ ಉಳಿಯುತ್ತದೋ ಬಿಟ್ಟುಬಿಡುತ್ತದೋ ಅನ್ನುವುದು ಅರ್ಧ ಅಲ್ಲೇ ತೀರ್ಮಾನ ಆಗಿಬಿಡುತ್ತದೆ ಅಂತ ನಾನು ನಂಬಿದ್ದೇನೆ, ಆದರೆ ಸೇರಿಸುವಾಗ ಯಾರೂ ಇದನ್ನು ಕೇಳುವುದೇ ಇಲ್ಲ.

ಮಗ ಹುಟ್ಟಿದ್ದು ನವೆಂಬರ್‌ನಲ್ಲಿ. ಹಳೆಯ ಕ್ಲಬ್ಬಿನಲ್ಲಿ ಲೆಕ್ಕ ಜನವರಿ 1ರಿಂದ ಡಿಸೆಂಬರ್ 31. ಶಾಲೆಯ ಲೆಕ್ಕ ವರ್ಷದ ಮಧ್ಯದಿಂದ ಶುರುವಾಗುತ್ತದೆ. ಇದರ ಅರ್ಥ ಏನು ಅಂದರೆ, ಅವನ ಕ್ಲಾಸಿನ ಹೆಚ್ಚುಕಡಿಮೆ ಅರ್ಧ ಮಕ್ಕಳು ಅವನು ಹುಟ್ಟಿದ ಮುಂದಿನ ವರ್ಷದ ಮೊದಲ ಐದಾರು ತಿಂಗಳಲ್ಲಿ ಹುಟ್ಟಿದವರು, ಅವರೆಲ್ಲ ಕ್ಲಬ್ಬಿನಲ್ಲಿ ಒಂದು ಮೆಟ್ಟಿಲು ಕೆಳಗಿನ ಟೀಮಿಗೆ ಹೋದರು. ಇವನು ಮೇಲಿನ ಟೀಮಿನಲ್ಲಿ, ಒಂದು ಕ್ಲಾಸ್ ಮುಂದೆ ಓದುವ ಹುಡುಗರ ಜೊತೆ ಉಳಿದ. ಟೀಮಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗಿಂತ ಚಿಕ್ಕವನು. ದಿನಾ ಪಕ್ಕದಲ್ಲಿ ಕೂರುವ ಗೆಳೆಯರು ಪಕ್ಕದ ಮೈದಾನದಲ್ಲಿ ಬೇರೆ ಟೀಮಿನಲ್ಲಿ ಆಡುತ್ತಿದ್ದರು. ಒಂದು ಸೀಸನ್ ಅವನು ಡಿಫೆನ್ಸ್‌ನ ಮೂಲೆಯಲ್ಲಿ ನಿಂತೇ ಕಳೆದ. ಬಾಲ್ ಬಂದರೆ ಸಾಕು ಬೇಗ ದೂರ ಒದ್ದುಬಿಡುವುದು ಅವನಿಗೆ ಅಭ್ಯಾಸ ಆಗಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 1985ರಲ್ಲೇ ಕೆನಡಾದ ರೋಜರ್ ಬಾರ್ನ್‌ಸ್ಲಿ ಮತ್ತು ಜೊತೆಗಾರರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ಅಲ್ಲಿ ಮಕ್ಕಳ ಹಾಕಿಯ ಲೆಕ್ಕ ಜನವರಿ 1ರಿಂದ. ಮೇಲಿನ ಮಟ್ಟದ ಟೀಮ್‌ಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದರು, ಕೊನೆಯ ಮೂರು ತಿಂಗಳವರು ಬಹಳ ಕಡಿಮೆ. ಕಾರಣ ಸರಳ. ಏಳು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಅಂದರೆ ಅದು ಬದುಕಿದ ಕಾಲದ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ. ಆ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಕೋಚ್ ಕಣ್ಣಿಗೆ ದೊಡ್ಡ ಮಗು ಚುರುಕಾಗಿ ಕಾಣುತ್ತದೆ. ಅದಕ್ಕೆ ಜಾಸ್ತಿ ಆಡಲು ಸಿಗುತ್ತದೆ, ಜಾಸ್ತಿ ಆಡಿದ್ದಕ್ಕೆ ನಿಜಕ್ಕೂ ಚೆನ್ನಾಗಿ ಆಡಲು ಕಲಿಯುತ್ತದೆ, ಮುಂದಿನ ವರ್ಷ ಒಳ್ಳೆಯ ಟೀಮಿಗೆ ಆಯ್ಕೆ ಆಗುತ್ತದೆ, ಅಲ್ಲಿ ಒಳ್ಳೆಯ ಕೋಚ್ ಸಿಗುತ್ತಾರೆ. ಶುರುವಿನಲ್ಲಿ ಇದ್ದಿದ್ದು ಬರೀ ಕೆಲವು ತಿಂಗಳ ವ್ಯತ್ಯಾಸ. ಕೊನೆಗೆ ಅದೇ ಪ್ರತಿಭೆಯ ವ್ಯತ್ಯಾಸದ ಹಾಗೆ ಕಾಣುತ್ತದೆ.

ಹಾಗಾದರೆ ಕಟ್‌ಆಫ್, ಅಂದರೆ ವಯಸ್ಸಿನ ಲೆಕ್ಕ ಶುರುವಾಗುವ ದಿನ, ಬದಲಿಸಿದರೆ ಸರಿಹೋಗುತ್ತದಾ? ಇಲ್ಲ. ಬೆಲ್ಜಿಯಂ ಫುಟ್‌ಬಾಲ್‌ನಲ್ಲಿ 1997ರಲ್ಲಿ ಕಟ್‌ಆಫ್ ಅನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ತಂದರು. ಅದಕ್ಕೂ ಮೊದಲು ಮಕ್ಕಳ ಆಯ್ಕೆಯಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನವರು ಮುಂದಿದ್ದರು. ಬದಲಾದ ಮೇಲೆ ಜನವರಿಯಿಂದ ಮಾರ್ಚ್‌ನವರು ಮುಂದೆ ಬಂದರು. ಅಂದರೆ ಲಾಭವೂ ನಷ್ಟವೂ ಹಾಗೇ ಉಳಿದವು, ಪಡೆಯುವ ಮಕ್ಕಳು ಮಾತ್ರ ಬೇರೆ ಆದರು. ಕ್ಲಾಸ್ ಲೆಕ್ಕವೂ ಕೊನೆಗೆ ಒಂದು ಕಟ್‌ಆಫೇ ಅಲ್ವಾ, ಶಾಲೆಯವರು ಹಾಕಿದ ಕಟ್‌ಆಫ್. ಈ ಹೊಸ ಲೀಗಿನಲ್ಲಿ ನಮ್ಮ ಮಗ ಗುಂಪಿನ ನಡುವಿಗೆ ಬಂದ, ಒಳ್ಳೆಯದಾಯಿತು. ಆದರೆ ಅವನ ಟೀಮಿನಲ್ಲೇ ಕ್ಲಾಸಿಗೆ ಎಲ್ಲರಿಗಿಂತ ಚಿಕ್ಕ ಹುಡುಗ ಒಬ್ಬ ಇದ್ದಾನೆ, ಹೋದ ವರ್ಷ ನಮ್ಮವನು ನಿಂತಿದ್ದ ಮೂಲೆಯಲ್ಲೇ ಈಗ ಅವನು ನಿಲ್ಲುತ್ತಾನೆ. ಅದನ್ನು ನೋಡುವಾಗ ನನಗೆ ಖುಷಿ ಆಗುವುದಿಲ್ಲ. ಕ್ಲಾಸ್ ಪ್ರಕಾರ ಮಾಡಿದರೆ ಎಲ್ಲ ಮಕ್ಕಳಿಗೂ ನ್ಯಾಯ ಸಿಗುತ್ತದೆ ಅಂತ ಲೀಗಿನವರು ಹೇಳಿಕೊಳ್ಳುತ್ತಾರೆ. ಅದು ನಿಜ ಅಲ್ಲ, ಹಾಗೆ ಹೇಳಬಾರದು.

ಆದರೂ ನಾಲ್ಕು ಸ್ಟಾರ್ ಯಾಕೆ ಅಂದರೆ, ಈ ವಯಸ್ಸಿನಲ್ಲಿ ಗೆಳೆಯರ ಜೊತೆ ಆಡುವುದು ಉಳಿದ ಎಲ್ಲಕ್ಕಿಂತ ದೊಡ್ಡದು. ಎಂಟು ಒಂಬತ್ತು ವರ್ಷದ ಮಕ್ಕಳು ಲೀಗಿಗೆ ಬರುವುದು ಕಪ್ ಗೆಲ್ಲುವುದಕ್ಕೆ ಅಲ್ಲ. ಸೋಮವಾರ ಶಾಲೆಯಲ್ಲಿ ಆ ಮ್ಯಾಚ್ ಬಗ್ಗೆ ಮಾತಾಡುವುದಕ್ಕೆ ಯಾರಾದರೂ ಇರಬೇಕು. ಹೊಸ ಲೀಗಿಗೆ ಬಂದ ಮೇಲೆ ಮಗ ಬಿಡುವಿನ ವೇಳೆಯಲ್ಲೂ ಟೀಮಿನವರ ಜೊತೆಯೇ ಆಡುತ್ತಾನೆ. ಅಂದರೆ ವಾರಕ್ಕೆ ಒಂದು ಪ್ರಾಕ್ಟೀಸ್ ಇದ್ದದ್ದು ದಿನಾ ಆದ ಹಾಗಾಯಿತು. ಬಾಲ್ ಕಾಲಲ್ಲಿ ಇಟ್ಟುಕೊಳ್ಳುವ ಧೈರ್ಯ ಬಂದಿದ್ದು ಅಲ್ಲಿಂದ, ಯಾವ ಡ್ರಿಲ್‌ನಿಂದಲೂ ಅಲ್ಲ. ಪಾಸ್ ಕೇಳುವಾಗ ಹೆಸರು ಹಿಡಿದು ಕೂಗುತ್ತಾನೆ, ತಪ್ಪು ಮಾಡಿದರೆ ಹೆದರುವುದಿಲ್ಲ. ತಂದೆ ತಾಯಿಗೂ ಅನುಕೂಲ ಕಡಿಮೆ ಏನಿಲ್ಲ. ಒಂದೇ ಕಾರಿನಲ್ಲಿ ನಾಲ್ಕು ಮಕ್ಕಳನ್ನು ಕಳಿಸಬಹುದು, ಪರೀಕ್ಷೆ ಎಲ್ಲರಿಗೂ ಒಂದೇ ಸಮಯಕ್ಕೆ ಬರುವುದರಿಂದ ಆ ವಾರ ಮ್ಯಾಚ್ ಮುಂದೆ ಹಾಕಿ ಅಂತ ಟೀಮ್ ಪೂರ್ತಿ ಒಂದೇ ದನಿಯಲ್ಲಿ ಕೇಳಬಹುದು, ಮಳೆ ಬಂದು ಪ್ರಾಕ್ಟೀಸ್ ರದ್ದಾದರೆ ಸುದ್ದಿ ಮುಟ್ಟಿಸುವುದಕ್ಕೆ ಶಾಲೆಯ ಪೋಷಕರ ಗ್ರೂಪ್ ಸಾಕು.

ಇನ್ನು ದೂರುಗಳು. ಮೊದಲನೆಯದು ರಿಜಿಸ್ಟ್ರೇಶನ್ ಫಾರ್ಮ್. ಅದರಲ್ಲಿ "ಮಗುವಿನ ಕ್ಲಾಸ್" ಅಂತ ಒಂದು ಖಾನೆ ಇದೆ, ಅಷ್ಟೇ. ಈಗ ಓದುತ್ತಿರುವ ಕ್ಲಾಸಾ, ರಜೆ ಮುಗಿದ ಮೇಲೆ ಹೋಗುವ ಕ್ಲಾಸಾ? ರಿಜಿಸ್ಟ್ರೇಶನ್ ರಜೆಗೂ ಮೊದಲು ಶುರುವಾಗುತ್ತದೆ, ಸೀಸನ್ ನಡೆಯುವುದು ಹೊಸ ಕ್ಲಾಸ್ ಶುರುವಾದ ಮೇಲೆ. ಕೆಲವರು ಈಗಿನದು ಬರೆದರು, ಕೆಲವರು ಮುಂದಿನದು. ಪರಿಣಾಮವಾಗಿ ಒಂದೇ ಬೆಂಚಿನ ಇಬ್ಬರು ಹುಡುಗರು ಎರಡು ವಿಭಾಗದಲ್ಲಿ ಬಂದರು. ಅದನ್ನು ಸರಿಮಾಡುವಷ್ಟರಲ್ಲಿ ಟೀಮ್ ಪಟ್ಟಿ ಹೊರಬಿದ್ದು ಜೆರ್ಸಿ ಕೂಡ ಹಂಚಿ ಆಗಿತ್ತು. ಕ್ಲಾಸ್ ಮೇಲೇ ನಡೆಯುವ ಲೀಗಿಗೆ ಇದು ಚಿಕ್ಕ ವಿಷಯ ಅಲ್ಲ. ಹುಟ್ಟಿದ ದಿನಾಂಕಕ್ಕೆ ಈ ಗೊಂದಲವೇ ಇಲ್ಲ, ಅದು ಬದಲಾಗುವುದಿಲ್ಲ, ಒಮ್ಮೆ ತೋರಿಸಿದರೆ ಮುಗಿಯಿತು. "ಸೀಸನ್‌ನ ಮೊದಲ ಮ್ಯಾಚ್ ದಿನ ಮಗು ಇರುವ ಕ್ಲಾಸ್" ಅಂತ ಒಂದು ಸಾಲು ಸೇರಿಸಿದರೆ ಸಾಕಿತ್ತು.

ಎರಡನೆಯದು, ಎರಡೆರಡು ಕ್ಲಾಸ್ ಸೇರಿಸಿ ಒಂದು ವಿಭಾಗ ಮಾಡುವುದು. 1-2, 3-4, 5-6, ಹೀಗೆ. ಮಕ್ಕಳ ಸಂಖ್ಯೆ ಕಡಿಮೆ ಇರುವಾಗ ಬೇರೆ ದಾರಿ ಇಲ್ಲ, ಅರ್ಥ ಆಗುತ್ತದೆ. ಆದರೆ ಮೂರನೇ ಕ್ಲಾಸಿನ ಅತಿ ಚಿಕ್ಕ ಮಗುವಿಗೂ ನಾಲ್ಕನೇ ಕ್ಲಾಸಿನ ಅತಿ ದೊಡ್ಡ ಮಗುವಿಗೂ ಹತ್ತಿರ ಹತ್ತಿರ ಎರಡು ವರ್ಷ ಅಂತರ. ಒಂದು ವರ್ಷ ಮಗು ಪೂರ್ತಿ ಬೆಂಚಿನಲ್ಲಿ, ಮುಂದಿನ ವರ್ಷ ಅದೇ ಮಗು ಟೀಮಿನ ದೊಡ್ಡಣ್ಣ. ವಯಸ್ಸಿನ ಲೀಗಿನಲ್ಲೂ ಎರಡು ವರ್ಷದ ಗುಂಪು ಮಾಡಿದರೆ ಇದೇ ಆಗುತ್ತದೆ, ಹಾಗಾಗಿ ಇದು ಕ್ಲಾಸ್ ಪದ್ಧತಿಯ ತಪ್ಪು ಅಲ್ಲ, ಆದರೆ ಪ್ರತಿ ಮಗುವೂ ಕನಿಷ್ಠ ಅರ್ಧ ಮ್ಯಾಚ್ ಆಡಲೇಬೇಕು ಅನ್ನುವ ನಿಯಮ ಇಲ್ಲದೆ ಹೀಗೆ ಮಾಡಬಾರದು. ಆ ನಿಯಮ ಇವರಲ್ಲಿ ಒಂದನೇ ಎರಡನೇ ಕ್ಲಾಸಿನವರಿಗೆ ಮಾತ್ರ ಇದೆ.

ಮೂರನೆಯದೇ ನಾನು ಒಂದು ಸ್ಟಾರ್ ಕಡಿಮೆ ಮಾಡಲು ಕಾರಣ. ಕ್ಲಾಸ್ ಲೆಕ್ಕ ಇಟ್ಟರೆ ಮೇಲೊಂದು ವಯಸ್ಸಿನ ಮಿತಿ ಇರಲೇಬೇಕು. ಇವರ ನಿಯಮದಲ್ಲಿ ಇದೆ: ಕ್ಲಾಸಿನ ಸಾಮಾನ್ಯ ವಯಸ್ಸಿಗಿಂತ ಒಂದು ವರ್ಷಕ್ಕೂ ಮೇಲೆ ದೊಡ್ಡವರಾದರೆ ಮುಂದಿನ ವಿಭಾಗದಲ್ಲಿ ಆಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ಪರೀಕ್ಷಿಸುವವರು ಯಾರೂ ಇಲ್ಲ. ಶಾಲೆಯ ಐಡಿ ಕಾರ್ಡಿನ ಫೋಟೋ ಕೇಳುತ್ತಾರೆ, ಜನನ ಪ್ರಮಾಣಪತ್ರ ಕೇಳುವುದಿಲ್ಲ. ಈ ಸೀಸನ್‌ನಲ್ಲಿ ಎದುರಾಳಿ ಟೀಮಿನ ಒಬ್ಬ ಹುಡುಗ ಉಳಿದವರಿಗಿಂತ ತಲೆ ಎತ್ತರ ಇದ್ದ. ಎತ್ತರ ಇದ್ದವರೆಲ್ಲ ದೊಡ್ಡವರು ಅಂತ ನಾನು ಹೇಳುತ್ತಿಲ್ಲ, ಒಂದೇ ವಯಸ್ಸಿನ ಮಕ್ಕಳಲ್ಲೂ ತುಂಬ ವ್ಯತ್ಯಾಸ ಇರುತ್ತದೆ. ಆ ಹುಡುಗನನ್ನು ಬೆರಳು ಮಾಡಿ ತೋರಿಸುವುದೂ ನನಗೆ ಇಷ್ಟ ಇಲ್ಲ. ಆದರೆ ನಿಯಮ ಪರಿಶೀಲಿಸಿದ್ದೀರಾ ಅಂತ ಸಂಘಟಕರನ್ನು ಕೇಳಿದಾಗ "ಕೋಚ್ ಹೇಳಿದ್ದನ್ನು ನಂಬುತ್ತೇವೆ" ಅಂತ ಉತ್ತರ ಬಂತು. ಇದು ಉತ್ತರ ಅಲ್ಲ. ಪರಿಶೀಲನೆ ಇದ್ದಿದ್ದರೆ ಆ ಹುಡುಗನ ಬಗ್ಗೆ ಮೈದಾನದ ಪಕ್ಕ ಗುಸುಗುಸು ಮಾತೇ ಹುಟ್ಟುತ್ತಿರಲಿಲ್ಲ, ಅವನ ಮೇಲೆ ಸುಮ್ನೆ ಅನುಮಾನ ಬೀಳುತ್ತಿರಲಿಲ್ಲ.

ಈ ಮಿತಿ ಬಿಗಿಯಾಗಿ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಶಾಲಾ ಬ್ಯಾಸ್ಕೆಟ್‌ಬಾಲ್ ನೋಡಿ. ಅಲ್ಲಿ ಮಗನನ್ನು ಬೇಕೆಂದೇ ಒಂದು ವರ್ಷ ಅದೇ ಕ್ಲಾಸಿನಲ್ಲಿ ಉಳಿಸುವವರಿದ್ದಾರೆ, ಒಂದು ವರ್ಷ ಜಾಸ್ತಿ ಬೆಳೆದು ತನ್ನ ಕ್ಲಾಸಿನವರ ನಡುವೆ ಎದ್ದು ಕಾಣಲಿ ಅಂತ. ಓದು ಆಟಕ್ಕೆ ಬಗ್ಗಬೇಕಾದ ಸ್ಥಿತಿ ಅದು. ನಾನು ಇದನ್ನು ಒಪ್ಪುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಕಾಯಿಲೆಯಿಂದಲೋ, ಊರು ಬದಲಾಗಿದ್ದರಿಂದಲೋ, ಓದು ಕಷ್ಟ ಆಗಿದ್ದರಿಂದಲೋ ಒಂದು ವರ್ಷ ಹಿಂದೆ ಉಳಿದ ಮಗು ಇರುತ್ತದೆ. ಅದಕ್ಕೆ ಈಗಿನ ಕ್ಲಾಸಿನ ಗೆಳೆಯರ ಜೊತೆ ಆಡುವ ಅವಕಾಶ ಸಿಕ್ಕರೆ ಎಷ್ಟೋ ಒಳ್ಳೆಯದು. ವಯಸ್ಸಿನ ಲೀಗಿನಲ್ಲಿ ಅದು ಮತ್ತೆ ಹಳೆಯ ಕ್ಲಾಸಿನವರ ಜೊತೆ ನಿಲ್ಲಬೇಕು, "ನೀನು ಯಾಕೆ ಆ ಕ್ಲಾಸಲ್ಲಿದ್ದೀಯ" ಅನ್ನುವ ಪ್ರಶ್ನೆಗೆ ಪ್ರತಿ ವಾರ ಉತ್ತರ ಕೊಡಬೇಕು. ಒಂದು ವರ್ಷದ ಸಡಿಲಿಕೆ ಇಟ್ಟು, ದಾಖಲೆ ನೋಡಿ, ಆ ವಿಷಯ ಕಚೇರಿ ಬಿಟ್ಟು ಹೊರಗೆ ಬಾರದ ಹಾಗೆ ನೋಡಿಕೊಂಡರೆ ಎರಡೂ ಕಡೆ ಸರಿಹೋಗುತ್ತದೆ.

ಸೇರಿಸುವಾಗ ನಮಗೆ ಯಾರೂ ಹೇಳದೆ ಇದ್ದ ಇನ್ನೊಂದು ವಿಷಯ, ಹೊರಗಿನ ಟೂರ್ನಮೆಂಟ್‌ಗಳು. ಅವು ಹೆಚ್ಚಿನವು ಹುಟ್ಟಿದ ವರ್ಷದ ಮೇಲೆ ನಡೆಯುತ್ತವೆ. ನಮ್ಮ ಕ್ಲಾಸ್ ಟೀಮ್ ಒಂದಕ್ಕೆ ಹೋಗಬೇಕು ಅಂತ ಉತ್ಸಾಹದಲ್ಲಿತ್ತು. ನೋಡಿದರೆ ಟೀಮಿನ ಅರ್ಧ ಮಕ್ಕಳು ಒಂದು ವರ್ಷ ಹುಟ್ಟಿದವರು, ಇನ್ನರ್ಧ ಅದರ ಮುಂದಿನ ವರ್ಷ ಹುಟ್ಟಿದವರು. ಕೆಳಗಿನ ಗುಂಪಿಗೆ ಹೋದರೆ ನಮ್ಮ ಮಗನನ್ನೂ ಸೇರಿಸಿ ಅರ್ಧ ಮಕ್ಕಳನ್ನು ಬಿಡಬೇಕು. ಎಲ್ಲರೂ ಹೋಗಬೇಕು ಅಂದರೆ ಮೇಲಿನ ಗುಂಪಿನಲ್ಲೇ ಆಡಬೇಕು. ಎಲ್ಲರೂ ಹೋಗೋಣ ಅಂತ ಕೋಚ್ ತೀರ್ಮಾನ ಮಾಡಿದರು, ಅದಕ್ಕೆ ಅವರಿಗೆ ನನ್ನ ಪೂರ್ತಿ ಮೆಚ್ಚುಗೆ ಇದೆ. ಸೋತರು, ದೊಡ್ಡ ಅಂತರದಲ್ಲೇ ಸೋತರು. ಆದರೆ ಯಾರನ್ನೂ ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ನಿಮ್ಮ ಮಗು ಹೊರಗೆ ಜಾಸ್ತಿ ಸ್ಪರ್ಧಿಸಬೇಕು ಅಂತ ನಿಮ್ಮ ಆಸೆ ಆಗಿದ್ದರೆ ಈ ಲೀಗ್ ನಿಮಗೆ ಹೊಂದುವುದಿಲ್ಲ.

ದೊಡ್ಡ ಸಂಸ್ಥೆಗಳೇ ಇದರಲ್ಲಿ ಹಿಂದೆ ಮುಂದೆ ಹೋಗಿವೆ. ಅಮೆರಿಕದ ಮಕ್ಕಳ ಫುಟ್‌ಬಾಲ್‌ನಲ್ಲಿ ಮೊದಲು ಆಗಸ್ಟ್ 1ರಿಂದ ಜುಲೈ 31ರ ಲೆಕ್ಕ ಇತ್ತು, ಅದು ಶಾಲೆಯ ವರ್ಷಕ್ಕೆ ಹತ್ತಿರ. 2017ರ ಹೊತ್ತಿಗೆ ಅಂತರರಾಷ್ಟ್ರೀಯ ರೂಢಿಗೆ ಹೊಂದಲಿ ಅಂತ ಎಲ್ಲರೂ ಹುಟ್ಟಿದ ವರ್ಷದ ಲೆಕ್ಕಕ್ಕೆ ಬರಬೇಕಾಯಿತು. ಕ್ಲಾಸ್ ಗೆಳೆಯರ ಟೀಮ್‌ಗಳು ಒಡೆದವು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳ ಪಾಡು ಇನ್ನೂ ಕಷ್ಟ. ಟೀಮಿನವರೆಲ್ಲ ಹೈಸ್ಕೂಲಿಗೆ (ಅಲ್ಲಿ ಅದು ಸಾಮಾನ್ಯವಾಗಿ ಒಂಬತ್ತನೇ ಕ್ಲಾಸಿನಿಂದ) ಹೋಗಿ ಅಲ್ಲಿನ ಸೀಸನ್ ಆಡುವಾಗ ಎಂಟನೇ ಕ್ಲಾಸಿನಲ್ಲೇ ಇದ್ದ ಇವರಿಗೆ ಆಡಲು ಟೀಮೇ ಇರಲಿಲ್ಲ. ಈಗ 2026-27ರ ಸೀಸನ್‌ನಿಂದ ಅಲ್ಲಿನ ದೊಡ್ಡ ಯುವ ಸಂಘಟನೆಗಳು ಮತ್ತೆ ಆಗಸ್ಟ್ 1ರಿಂದ ಜುಲೈ 31ಕ್ಕೆ ಮರಳುವ ತೀರ್ಮಾನ ಮಾಡಿವೆ. ಗಮನಿಸಿ, ಇದೂ ವಯಸ್ಸಿನ ಲೆಕ್ಕವೇ, ದಾಖಲೆ ಜನನ ಪ್ರಮಾಣಪತ್ರವೇ. ಕಟ್‌ಆಫ್ ಅನ್ನು ಮಾತ್ರ ಶಾಲೆಯ ವರ್ಷದ ಹತ್ತಿರಕ್ಕೆ ತಂದಿದ್ದಾರೆ. ನನಗೆ ಬುದ್ಧಿವಂತಿಕೆ ಅನ್ನಿಸಿದ್ದು ಇದೇ. ಗೆಳೆಯರು ಬಹುಮಟ್ಟಿಗೆ ಜೊತೆಗೇ ಉಳಿಯುತ್ತಾರೆ, ಬೇಕೆಂದೇ ಹಿಂದೆ ಉಳಿಸುವ ಆಟಕ್ಕೂ ಅವಕಾಶ ಇಲ್ಲ. ನಮ್ಮ ಲೀಗಿನವರೂ ಇದನ್ನು ಯೋಚನೆ ಮಾಡಬೇಕು.

ಇಷ್ಟೆಲ್ಲ ಹೇಳಿದ್ದು ಚಿಕ್ಕ ಮಕ್ಕಳ ಬಗ್ಗೆ. ಮಗಳಿಗೆ ಹದಿಮೂರು, ಅವಳನ್ನು ಈ ಲೀಗಿಗೆ ಸೇರಿಸುವುದಿಲ್ಲ. ಹುಡುಗಿಯರು ಸರಾಸರಿ ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ. ಆ ಹೊತ್ತಿಗೆ ಹುಡುಗರು ಒಂದು ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಏರುವುದುಂಟು. ಕೆಲವರಿಗೆ ಇದು ಬೇಗ ಶುರು, ಕೆಲವರಿಗೆ ತಡ. ಅದರ ಮೇಲೆ ಕ್ಲಾಸಿನ ಹೆಸರಿನಲ್ಲಿ ಇನ್ನೂ ಒಂದು ವರ್ಷದ ಅಂತರ ಸೇರಿದರೆ ಡಿಕ್ಕಿಯಲ್ಲಿ ಪೆಟ್ಟು ಬೀಳುವುದು ಚಿಕ್ಕವರಿಗೆ. ಇಲ್ಲಿ ವಯಸ್ಸಿನ ಲೆಕ್ಕ ಬೇಕು, ದಾಖಲೆ ಬೇಕು. ಮೇಲಿನ ಮಟ್ಟದಲ್ಲಿ ಪ್ರಮಾಣಪತ್ರ ಕೂಡ ಸಾಲದೆ, ಫಿಫಾ 2009ರ ಅಂಡರ್-17 ವಿಶ್ವಕಪ್‌ನಿಂದ ಮೂಳೆ ನೋಡಿ ವಯಸ್ಸು ಅಂದಾಜು ಮಾಡಲು ಮಣಿಕಟ್ಟಿನ ಎಂಆರ್‌ಐ ಮಾಡಿಸುತ್ತಿದೆ. ಬಿಸಿಸಿಐ ಅಂಡರ್-16 ಹುಡುಗರಿಗೆ ಬೋನ್ ಟೆಸ್ಟ್ ಮಾಡಿಸುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಇನ್ನೊಂದು ದಾರಿ ನೋಡಿದವು, ಅದಕ್ಕೆ ಬಯೋ-ಬ್ಯಾಂಡಿಂಗ್ ಅನ್ನುತ್ತಾರೆ. ದೊಡ್ಡವನಾದ ಮೇಲೆ ಎಷ್ಟು ಎತ್ತರ ಆಗಬಹುದು ಅಂತ ಅಂದಾಜು ಮಾಡಿ, ಅದರಲ್ಲಿ 85ರಿಂದ 90 ಶೇಕಡ ಮುಟ್ಟಿದ ಹುಡುಗರನ್ನೆಲ್ಲ, 11ರಿಂದ 14ರ ಒಳಗೆ ವಯಸ್ಸು ಯಾವುದೇ ಇರಲಿ, ಒಟ್ಟಿಗೆ ಆಡಿಸಿದರು. ಬೇಗ ಬೆಳೆದವರಿಗೆ ಬರೀ ಮೈಬಲದ ಮೇಲೆ ಗೆಲ್ಲುವುದು ಆಗಲಿಲ್ಲ, ತಡವಾಗಿ ಬೆಳೆಯುವವರಿಗೆ ತಮ್ಮ ಕೌಶಲ ತೋರಿಸಲು ಜಾಗ ಸಿಕ್ಕಿತು. ವೀಕೆಂಡ್ ಲೀಗಿಗೆ ಇದೆಲ್ಲ ಆಗದ ಮಾತು, ನಾನೂ ಕೇಳುವುದಿಲ್ಲ.

ಆಗುವಂಥದ್ದು ಒಂದಿದೆ. 2017ರಲ್ಲಿ ಡೇವಿಡ್ ಮನ್ ಮತ್ತು ಪ್ಲೂನ್ ವಾನ್ ಗಿನ್ನೆಕೆನ್ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳ ಫುಟ್‌ಬಾಲ್ ಆಟ ನೋಡಿ ಪ್ರತಿಭೆ ಅಳೆಯಿರಿ ಅಂತ ಸ್ಕೌಟ್‌ಗಳಿಗೆ, ಅಂದರೆ ಒಳ್ಳೆಯ ಆಟಗಾರರನ್ನು ಹುಡುಕುವವರಿಗೆ, ಹೇಳಿದರು. ಹುಟ್ಟಿದ ದಿನಾಂಕದ ಪಟ್ಟಿ ಕೈಗೆ ಕೊಟ್ಟರೂ ಸ್ಕೌಟ್‌ಗಳು ದೊಡ್ಡ ಮಕ್ಕಳನ್ನೇ ಆರಿಸಿದರು. ಜೆರ್ಸಿ ನಂಬರನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟು, ಅದನ್ನು ಮೊದಲೇ ತಿಳಿಸಿದಾಗ ಆ ಒಲವು ಹೋಯಿತು. ಯಾರು ದೊಡ್ಡವರು ಯಾರು ಚಿಕ್ಕವರು ಅನ್ನುವುದು ಆಟ ನಡೆಯುವಾಗಲೇ ಕಣ್ಣ ಮುಂದೆ ಇರಬೇಕು, ಅಷ್ಟೇ. ಇದಕ್ಕೆ ಖರ್ಚಿಲ್ಲ. ಕ್ಲಾಸ್ ಲೆಕ್ಕವೋ ವಯಸ್ಸಿನ ಲೆಕ್ಕವೋ, ಯಾವುದಿದ್ದರೂ ನಡೆಯುತ್ತದೆ. ಆಯ್ಕೆ ಟ್ರಯಲ್ಸ್ ದಿನವಾದರೂ ಹೀಗೆ ವಯಸ್ಸಿನ ಕ್ರಮದಲ್ಲಿ ನಂಬರ್ ಇರುವ ಬಿಬ್ (ಜೆರ್ಸಿ ಮೇಲೆ ಹಾಕುವ ತೋಳಿಲ್ಲದ ಅಂಗಿ) ಹಂಚಿ ಅಂತ ಲೀಗಿಗೆ ಬರೆದು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಬಂದ ಮೇಲೆ ಈ ರಿವ್ಯೂ ತಿದ್ದುತ್ತೇನೆ.

ಉಳಿದದ್ದು ಚಿಕ್ಕದಾಗಿ. ಕೋಚ್‌ಗಳು ಹೆಚ್ಚಿನವರು ಪೋಷಕರೇ, ತಾಳ್ಮೆ ಇದೆ, ಕಿರುಚಾಟ ಕಡಿಮೆ. ಮೈದಾನ ಪರವಾಗಿಲ್ಲ, ಗೋಲ್ ಪೋಸ್ಟ್ ಮಕ್ಕಳ ಅಳತೆಗೆ ಸರಿಯಾಗಿದೆ. ಜೆರ್ಸಿ ಬೇಗ ಬಣ್ಣ ಬಿಡುತ್ತದೆ. ರೆಫರಿಗಳು ಸಮಯಕ್ಕೆ ಬರುತ್ತಾರೆ.

ಸೇರಿಸುವ ಮುಂಚೆ ಇಷ್ಟು ಕೇಳಿ: ಯಾವ ದಿನದ ಕ್ಲಾಸ್ ಲೆಕ್ಕಕ್ಕೆ ಬರುತ್ತದೆ, ವಯಸ್ಸಿನ ಮಿತಿ ಎಷ್ಟು, ಅದನ್ನು ಯಾವ ದಾಖಲೆ ನೋಡಿ ಪರಿಶೀಲಿಸುತ್ತಾರೆ, ಎರಡು ಕ್ಲಾಸ್ ಸೇರಿಸಿದ್ದರೆ ಚಿಕ್ಕವರಿಗೆ ಆಡುವ ಸಮಯ ಖಾತ್ರಿ ಇದೆಯಾ. ನಾವು ಮಗನ ಹೆಸರನ್ನು ಮುಂದಿನ ಸೀಸನ್‌ಗೂ ಇಲ್ಲೇ ಬರೆಸಿದ್ದೇವೆ. ಆರನೇ ಕ್ಲಾಸ್ ಮುಗಿಯುವವರೆಗೆ ಇಲ್ಲೇ ಇರುತ್ತಾನೆ, ಆಮೇಲೆ ಅಕ್ಕ ಆಡುವಂಥ ವಯಸ್ಸಿನ ಕ್ಲಬ್ಬಿಗೆ ಕಳಿಸುತ್ತೇವೆ.